ಒಳ ಕ್ಯಾಬಿನ್ನೋ, ಹೊರ ಕ್ಯಾಬಿನ್ನೋ: ಕ್ರೂಸ್ ಹಡಗಿನಲ್ಲಿ ಕೋಣೆ ಆರಿಸುವ ಲೆಕ್ಕ

ಕ್ರೂಸ್ ಹಡಗಿನ ಟಿಕೆಟ್ ಎಂದರೆ ಬಹುಪಾಲು ಕ್ಯಾಬಿನ್ನಿನ ಬಾಡಿಗೆಯೇ. ಊಟ, ತಿಂಡಿ, ಈಜುಕೊಳ, ರಂಗಮಂದಿರ, ಸಂಜೆಯ ಕಾರ್ಯಕ್ರಮಗಳು ಹಡಗು ಹತ್ತಿದವರಿಗೆಲ್ಲ ಹೆಚ್ಚುಕಡಿಮೆ ಸಮಾನ. ಒಂದೇ ಹಡಗಿನಲ್ಲಿ, ಒಂದೇ ದಿನ, ಒಂದೇ ಬಂದರಿಗೆ ಹೋಗುವ ಇಬ್ಬರು ಬೇರೆ ಬೇರೆ ದುಡ್ಡು ಕೊಟ್ಟಿದ್ದರೆ ಅದಕ್ಕೆ ಮುಖ್ಯ ಕಾರಣ ಅವರು ಮಲಗುವ ಕೋಣೆ. ಆ ಕೋಣೆಗೆ ಕಿಟಕಿ ಬೇಕೋ ಬೇಡವೋ ಎಂಬುದು ಬುಕಿಂಗ್ ಮಾಡುವಾಗ ಎದುರಾಗುವ ಮೊದಲ ಪ್ರಶ್ನೆ.

ಹಡಗಿನ ವಾಸದ ಡೆಕ್ಕುಗಳಲ್ಲಿ ಸಾಮಾನ್ಯವಾಗಿ ಉದ್ದಕ್ಕೂ ಎರಡು ಓಣಿಗಳಿರುತ್ತವೆ. ಓಣಿಯ ಹೊರಮಗ್ಗುಲಲ್ಲಿ, ಹಡಗಿನ ಗೋಡೆಗೆ ತಾಗಿಕೊಂಡಿರುವುದು ಹೊರ ಕ್ಯಾಬಿನ್. ಎರಡು ಓಣಿಗಳ ನಡುವೆ ಇರುವುದು ಒಳ ಕ್ಯಾಬಿನ್. ಅದಕ್ಕೆ ಕಿಟಕಿ ಇಲ್ಲ, ಹಗಲು ಬೆಳಕು ಬರುವುದಿಲ್ಲ. ಹೊರ ಕ್ಯಾಬಿನ್ನುಗಳಲ್ಲಿ ಮತ್ತೆ ಎರಡು ಬಗೆ. ಗಾಜಿನ ಕಿಟಕಿ ಮಾತ್ರ ಇರುವುದನ್ನು ಕಂಪನಿಗಳು ‘ಓಷನ್ ವ್ಯೂ’ ಎನ್ನುತ್ತವೆ. ಬಾಗಿಲು ತೆರೆದು ಹೊರಗೆ ಕುರ್ಚಿ ಹಾಕಿಕೊಂಡು ಕೂರಬಹುದಾದದ್ದು ಬಾಲ್ಕನಿ ಕ್ಯಾಬಿನ್. ಇದರ ಮೇಲಿನ ದರ್ಜೆ ಸೂಟ್.

ಒಳ ಕ್ಯಾಬಿನ್ ಹುಟ್ಟಿದ್ದು ಹಡಗಿನ ಅಗಲದಿಂದ. ಹಡಗು ಅಗಲವಾದಷ್ಟೂ ನಡುವೆ ಕಿಟಕಿಗೆ ಎಟುಕದ ಜಾಗ ಹೆಚ್ಚು. ಆ ಜಾಗವನ್ನೂ ಕೋಣೆಯಾಗಿಸಿದರೆ ಕಂಪನಿಗೆ ಆದಾಯ, ಪ್ರಯಾಣಿಕರಿಗೆ ಅಗ್ಗದ ಟಿಕೆಟ್. 1984ರಲ್ಲಿ ಬಂದ ‘ರಾಯಲ್ ಪ್ರಿನ್ಸೆಸ್’ ಹಡಗಿನಲ್ಲಿ ಒಳ ಕ್ಯಾಬಿನ್ ಒಂದೂ ಇರಲಿಲ್ಲ, ಎಲ್ಲ ಕೋಣೆಗಳಿಗೂ ಸಮುದ್ರ ಕಾಣುತ್ತಿತ್ತು. 1999ರ ‘ವಾಯೇಜರ್ ಆಫ್ ದ ಸೀಸ್’ ಹಡಗಿನ ನಡುವೆಯೇ ಅಂಗಡಿಬೀದಿ ಕಟ್ಟಿ, ಕೆಲವು ಒಳ ಕ್ಯಾಬಿನ್ನುಗಳಿಗೆ ಆ ಬೀದಿಯತ್ತ ಕಿಟಕಿ ಇಟ್ಟರು. 2011ರ ‘ಡಿಸ್ನಿ ಡ್ರೀಮ್’ನಲ್ಲಿ ಒಳ ಕ್ಯಾಬಿನ್ನಿನ ಗೋಡೆಗೆ ದುಂಡು ಪರದೆ ಅಳವಡಿಸಿ, ಹೊರಗಿನ ಕ್ಯಾಮೆರಾ ಹಿಡಿದ ಸಮುದ್ರವನ್ನು ಅದರಲ್ಲಿ ತೋರಿಸತೊಡಗಿದರು. ಕಿಟಕಿ ಇಲ್ಲದಿರುವುದು ಕೊರತೆಯೆಂದು ಕಂಪನಿಗಳೇ ಒಪ್ಪಿದಂತಾಯಿತು. ಆದರೆ ಆ ಕೊರತೆ ಎಲ್ಲರಿಗೂ ಒಂದೇ ತೂಕದ್ದಲ್ಲ.

ಹತ್ತುವುದು ಎಲ್ಲಿಂದ

ಈಗ ಬೆಂಗಳೂರು ದಕ್ಷಿಣ ಜಿಲ್ಲೆ ಎನಿಸಿಕೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಸಮುದ್ರ ದೂರ. ಇಲ್ಲಿನ ನೀರೆಂದರೆ ಕಣ್ವ ಮತ್ತು ಮಂಚನಬೆಲೆ ಜಲಾಶಯ, ಅರ್ಕಾವತಿ, ಸಂಗಮದ ಕಾವೇರಿ. ಕರ್ನಾಟಕದ ದೊಡ್ಡ ಬಂದರಾದ ನವಮಂಗಳೂರಿಗೆ ಕ್ರೂಸ್ ಹಡಗುಗಳು ಬರುವುದುಂಟು. ಆದರೆ ಅವು ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ವಿದೇಶಿ ಪ್ರವಾಸಿಗರನ್ನು ಹೊತ್ತು ಬಂದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ, ಕುದ್ರೋಳಿ ದೇವಸ್ಥಾನ ತೋರಿಸಿ ಅದೇ ದಿನ ಹೊರಟುಬಿಡುತ್ತವೆ. ಹೀಗಾಗಿ ಈ ನಾಲ್ಕು ಊರುಗಳವರು ಕ್ರೂಸ್ ಹತ್ತಬೇಕೆಂದರೆ ಚೆನ್ನೈ, ಮುಂಬೈ ಅಥವಾ ಕೊಚ್ಚಿಗೆ ಹೋಗಬೇಕು.

ಹತ್ತಿರದ್ದು ಚೆನ್ನೈ. ಮೈಸೂರು–ಬೆಂಗಳೂರು–ಚೆನ್ನೈ ರೈಲು ಮಾರ್ಗ ಚನ್ನಪಟ್ಟಣ, ರಾಮನಗರಗಳ ಮೇಲೆಯೇ ಹಾದುಹೋಗುತ್ತದೆ. ರೈಲು ಮಾರ್ಗವಿಲ್ಲದ ಕನಕಪುರ, ಮಾಗಡಿಯವರು ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ರೈಲು ಹಿಡಿಯಬೇಕು.

ಭಾರತದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಯವಾದದ್ದು ಕೋರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಾಟ ಶುರುಮಾಡಿದ ಈ ಹಡಗು, 2022ರ ಜೂನ್‌ನಲ್ಲಿ ಚೆನ್ನೈಗೆ ಬಂತು. 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕಾದ ಹಂಬನ್‌ತೋಟ, ಟ್ರಿಂಕೋಮಲಿ ಬಂದರುಗಳಿಗೆ ಯಾನ ಆರಂಭಿಸಿತು. ಜೂನ್ ತಿಂಗಳನ್ನೇ ಆರಿಸಿಕೊಂಡದ್ದಕ್ಕೆ ಹವಾಮಾನದ ಕಾರಣವೂ ಉಂಟು. ಮುಂಗಾರು ಅರಬ್ಬಿ ಸಮುದ್ರವನ್ನು ಕಡೆಯುವಾಗ ಪಶ್ಚಿಮ ಘಟ್ಟದ ಮರೆಯಲ್ಲಿರುವ ಪೂರ್ವ ಕರಾವಳಿ ಅಷ್ಟು ಒರಟಾಗಿರುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದು ತಿರುಗುಮುರುಗು: ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ.

ಈ ಹಡಗು ಮೊದಲು ಸೇವೆಗೆ ಬಂದದ್ದು 1990ರಲ್ಲಿ, ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ. ಫ್ರಾನ್ಸಿನಲ್ಲಿ ಕಟ್ಟಿದ್ದು, ಉದ್ದ ಸುಮಾರು 211 ಮೀಟರ್. ಅಮೆರಿಕದ ಮಯಾಮಿಯಿಂದ ಮೂರು–ನಾಲ್ಕು ರಾತ್ರಿಗಳ ಚಿಕ್ಕ ಯಾನಗಳಿಗೆಂದೇ ರೂಪಿಸಿದ ಹಡಗಾದ್ದರಿಂದ ಇದರ ಸಾಮಾನ್ಯ ಕ್ಯಾಬಿನ್ನುಗಳು ಚಿಕ್ಕವು, ಬಾಲ್ಕನಿಗಳು ಕಡಿಮೆ. ಒಳ ಕ್ಯಾಬಿನ್, ಓಷನ್ ವ್ಯೂ, ಬಾಲ್ಕನಿ ಇರುವ ಮಿನಿ ಸೂಟ್, ಸೂಟ್ ಎಂಬ ದರ್ಜೆಗಳಿವೆ. ಸಿಂಗಪುರದಿಂದ ಹೊರಡುವ ‘ಗೆಂಟಿಂಗ್ ಡ್ರೀಮ್’ನಂಥ ಹೊಸ ತಲೆಮಾರಿನ ಹಡಗುಗಳಲ್ಲಿ ಮಾತ್ರ ಹೆಚ್ಚಿನ ಕೋಣೆಗಳಿಗೆ ಬಾಲ್ಕನಿ ಇರುತ್ತದೆ.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ‘ಎಂ.ವಿ. ಕವರತ್ತಿ’ಯ ಕಥೆ ಬೇರೆ. ಅದು ದ್ವೀಪವಾಸಿಗಳ ಓಡಾಟಕ್ಕಿರುವ ಸರ್ಕಾರಿ ಪ್ರಯಾಣಿಕರ ಹಡಗು, ಪ್ರವಾಸಿಗರಿಗೂ ಜಾಗ ಕೊಡುತ್ತದೆ. ಅಲ್ಲಿ ಇಬ್ಬರ ಮೊದಲ ದರ್ಜೆ ಕ್ಯಾಬಿನ್ನೋ ನಾಲ್ವರ ಎರಡನೇ ದರ್ಜೆ ಕ್ಯಾಬಿನ್ನೋ ಎಂಬ ಪ್ರಶ್ನೆ ಕಿಟಕಿಗಿಂತ ಮುಂಚೆ ಬರುತ್ತದೆ. ಹಗಲೆಲ್ಲ ದ್ವೀಪದಲ್ಲಿ, ರಾತ್ರಿ ಮಾತ್ರ ಹಡಗಿನಲ್ಲಿ ಇರುವ ಪ್ಯಾಕೇಜುಗಳಾದರೆ ಕಿಟಕಿಯ ಮಾತೇ ಅಷ್ಟಾಗಿ ಏಳುವುದಿಲ್ಲ.

ಬಾಗಿಲು ತೆರೆದರೆ ಕಾಣುವುದು

ಸಾಮಾನ್ಯ ಕ್ಯಾಬಿನ್ನಿನ ಬಾಗಿಲು ತೆರೆದ ಕೂಡಲೇ ಒಂದು ಪಕ್ಕಕ್ಕೆ ಬಚ್ಚಲುಮನೆ, ಇನ್ನೊಂದು ಪಕ್ಕಕ್ಕೆ ಬಟ್ಟೆ ಕಪಾಟು. ಮುಂದೆ ಜೋಡಿಸಿದರೆ ಜೋಡಿ ಮಂಚವಾಗುವ, ಬಿಡಿಸಿದರೆ ಎರಡು ಒಂಟಿ ಮಂಚವಾಗುವ ಹಾಸಿಗೆ. ಮೂರನೆಯವರು, ನಾಲ್ಕನೆಯವರು ಇದ್ದರೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುವ ಮೇಲ್ಬರ್ತ್. ಸೂಟ್‌ಕೇಸ್ ಮಂಚದ ಅಡಿಗೆ ಹೋಗಬೇಕು, ಇಲ್ಲದಿದ್ದರೆ ಕಾಲಿಡಲು ಜಾಗವಿಲ್ಲ. ಬಚ್ಚಲ ಬಾಗಿಲಿಗೆ ನೀರು ಹೊರಬರದಂತೆ ಎತ್ತರದ ಹೊಸ್ತಿಲಿರುತ್ತದೆ. ರಾತ್ರಿ ಎದ್ದು ಹೋಗುವ ಹಿರಿಯರು ಎಡವುವುದು ಅಲ್ಲಿಯೇ. ಗಾಲಿಕುರ್ಚಿಯವರಿಗೆಂದು ಹೊಸ್ತಿಲಿಲ್ಲದ, ಬಾಗಿಲು ಅಗಲವಿರುವ ಕೆಲವು ಕ್ಯಾಬಿನ್ನುಗಳು ಇರುತ್ತವೆ. ಅವು ಬೇಗ ತುಂಬುತ್ತವೆ.

ಈ ಸಾಮಾನು ಸರಂಜಾಮು, ಎ.ಸಿ., ಹಾಸಿಗೆ, ಕೋಣೆ ಅಚ್ಚುಕಟ್ಟು ಮಾಡುವ ಸಿಬ್ಬಂದಿ ಒಳ ಕ್ಯಾಬಿನ್ನಿಗೂ ಹೊರ ಕ್ಯಾಬಿನ್ನಿಗೂ ಒಂದೇ. ಓಷನ್ ವ್ಯೂ ಕೋಣೆ ಹಲವು ಹಡಗುಗಳಲ್ಲಿ ಕೊಂಚ ದೊಡ್ಡದು, ಅಷ್ಟೇ. ನಿಜವಾದ ವ್ಯತ್ಯಾಸ ದೀಪ ಆರಿಸಿದಾಗ ತಿಳಿಯುತ್ತದೆ. ಒಳ ಕ್ಯಾಬಿನ್ನಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಅಂಗೈ ಕಾಣದ ಕತ್ತಲು. ಕಣ್ಣು ಬಿಟ್ಟರೆ ಬೆಳಗಾಗಿದೆಯೋ ನಡುರಾತ್ರಿಯೋ ಗೊತ್ತಾಗುವುದಿಲ್ಲ. ಗಾಢ ನಿದ್ದೆ ಬೇಕೆನ್ನುವವರಿಗೆ ಇದೇ ಹಿತ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಇದೇ ಹಿಂಸೆ. ಚಿಕ್ಕದೊಂದು ರಾತ್ರಿದೀಪ ಒಯ್ದರೆ ಅರ್ಧ ತೊಂದರೆ ತಪ್ಪುತ್ತದೆ. ಹಲವು ಹಡಗುಗಳಲ್ಲಿ ಮುಂಭಾಗದ ಕ್ಯಾಮೆರಾದ ದೃಶ್ಯ ಟಿ.ವಿ.ಯ ಒಂದು ಚಾನೆಲಿನಲ್ಲಿ ಬರುತ್ತಿರುತ್ತದೆ. ಅದನ್ನು ಸದ್ದಿಲ್ಲದೆ ಹಾಕಿಟ್ಟರೆ ಬೆಳಕು ಹರಿದದ್ದು ತಿಳಿಯುತ್ತದೆ.

ಓಷನ್ ವ್ಯೂ ಕಿಟಕಿಯ ಬಗ್ಗೆಯೂ ತಪ್ಪು ನಿರೀಕ್ಷೆ ಬೇಡ. ಮೈಸೂರು ರೈಲಿನ ಕಿಟಕಿಯಂತೆ ಎತ್ತಿ ಗಾಳಿ ತೆಗೆದುಕೊಳ್ಳುವಂತಿಲ್ಲ. ಗಾಜು ಭದ್ರವಾಗಿ ಮುಚ್ಚಿಯೇ ಇರುತ್ತದೆ. ಕೆಳಗಿನ ಡೆಕ್ಕುಗಳಲ್ಲಿ ಅದು ಚಿಕ್ಕ ದುಂಡು ಕಿಂಡಿ, ಮೇಲೆ ಹೋದಂತೆ ಅಗಲದ ಕಿಟಕಿ. ಗಾಜಿನ ಹೊರಮೈ ಮೇಲೆ ಉಪ್ಪು ಕಟ್ಟುತ್ತದೆ. ಅಲೆ ಜೋರಿದ್ದರೆ ಕೆಳ ಡೆಕ್ಕಿನ ಕಿಂಡಿಗಳಿಗೆ ಲೋಹದ ಮುಚ್ಚಳ ಹಾಕಿಬಿಡುವುದೂ ಉಂಟು. ಕೆಲವು ಕಿಟಕಿಗಳ ಎದುರಿಗೇ ಜೀವರಕ್ಷಕ ದೋಣಿ ತೂಗುತ್ತಿರುತ್ತದೆ. ಬೆಳಕು ಬರುತ್ತದೆ, ಸಮುದ್ರ ಕಾಣುವುದಿಲ್ಲ. ಇಂಥವನ್ನು ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಎಂದು ಗುರುತಿಸಿ ತುಸು ಅಗ್ಗಕ್ಕೆ ಮಾರುತ್ತಾರೆ. ಬರೀ ಬೆಳಕು ಸಾಕೆನ್ನುವವರಿಗೆ ಇದು ಲಾಭದ ವ್ಯವಹಾರ.

ದುಡ್ಡಿನ ಲೆಕ್ಕ

ಕ್ರೂಸ್ ದರವನ್ನು ಕೋಣೆಗೆ ಇಂತಿಷ್ಟು ಎಂದು ಹೇಳುವುದಿಲ್ಲ. ಒಂದು ಕೋಣೆಯಲ್ಲಿ ಇಬ್ಬರೆಂದು ಭಾವಿಸಿ ತಲೆಗೆ ಇಂತಿಷ್ಟು ಎನ್ನುತ್ತಾರೆ. ಜಾಹೀರಾತಿನಲ್ಲಿ ವ್ಯತ್ಯಾಸ ಚಿಕ್ಕದಾಗಿ ಕಾಣುವುದು ಇದರಿಂದಲೇ. ಉದಾಹರಣೆಗೆ, ಕಿಟಕಿಗೆ ತಲೆಗೆ 6,000 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳೋಣ. ಗಂಡ ಹೆಂಡತಿಗೆ ಅದು 12,000. ಅಪ್ಪ ಅಮ್ಮನನ್ನೂ ಕರೆದುಕೊಂಡು ಎರಡು ಕೋಣೆ ಹಿಡಿದರೆ 24,000. ಒಂದೇ ಕೋಣೆಗೆ ಸೇರುವ ಮೂರನೆಯ, ನಾಲ್ಕನೆಯ ವ್ಯಕ್ತಿಗೆ ಸಾಮಾನ್ಯವಾಗಿ ಕಡಿಮೆ ದರ. ಒಬ್ಬರೇ ಹೋಗುವವರು ಖಾಲಿ ಹಾಸಿಗೆಯ ಪಾಲನ್ನೂ ಕಟ್ಟಬೇಕಾಗುತ್ತದೆ. ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಈ ದರದ ಮೇಲೆ ಬರುತ್ತವೆ. ಬೆಲೆ ಹೋಲಿಸುವಾಗ ಕೊನೆಯ ಮೊತ್ತವನ್ನು ಹೋಲಿಸಬೇಕು.

ಆ ಹೆಚ್ಚಿನ ದುಡ್ಡಿಗೆ ಎಷ್ಟು ಹೊತ್ತಿನ ಸಮುದ್ರ ಸಿಗುತ್ತದೆ ಎಂಬುದು ಮುಂದಿನ ಲೆಕ್ಕ. ಎರಡು ರಾತ್ರಿಯ ಯಾನವೆಂದರೆ ಮೊದಲ ದಿನ ಮಧ್ಯಾಹ್ನ ತಪಾಸಣೆ ಮುಗಿಸಿ ಹತ್ತುವುದು, ಸಂಜೆ ಹೊರಡುವುದು, ನಡುವೆ ಪೂರ್ತಿ ಒಂದು ಹಗಲು, ಮೂರನೆಯ ಬೆಳಿಗ್ಗೆ ಬೇಗನೆ ಕೋಣೆ ಖಾಲಿ ಮಾಡುವುದು. ಕತ್ತಲಾದ ಮೇಲೆ ಕಿಟಕಿಯಲ್ಲಿ ಕಾಣುವುದು ಕೋಣೆಯ ದೀಪದ ಪ್ರತಿಬಿಂಬವೇ. ಆ ಒಂದು ಹಗಲಿನಲ್ಲೂ ಊಟ, ಈಜುಕೊಳ, ಆಟ, ಮಕ್ಕಳ ಓಡಾಟ ಕಳೆದು ಕೋಣೆಯಲ್ಲಿ ಎಚ್ಚರವಾಗಿ ಕೂರುವುದು ಕೆಲವೇ ಗಂಟೆ. ಮೇಲಿನ ತೆರೆದ ಡೆಕ್ಕಿಗೆ ಹೋದರೆ ನಾಲ್ಕೂ ದಿಕ್ಕಿಗೆ ಸಮುದ್ರ. ಅದಕ್ಕೆ ಟಿಕೆಟ್ ಬೇರೆ ಇಲ್ಲ.

ಯಾನ ಉದ್ದವಾದಂತೆ ಲೆಕ್ಕ ಬದಲಾಗುತ್ತದೆ. ಏಳು ರಾತ್ರಿಗೂ ಮೀರಿದ ಯಾನದಲ್ಲಿ ಗದ್ದಲ ಸಾಕಾಗಿ ಕೋಣೆಯಲ್ಲಿ ಕೂರುವ ಹೊತ್ತು ಬರುತ್ತದೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ತಂದೆ ತಾಯಿಯರನ್ನು ಅಲಾಸ್ಕಾ ಯಾನಕ್ಕೆ ಕರೆದೊಯ್ಯುವ ಕನ್ನಡ ಕುಟುಂಬಗಳಿವೆ. ಅಲ್ಲಿ ಹಡಗು ಹಿಮನದಿಗಳ ಮಗ್ಗುಲಲ್ಲಿ ನಿಧಾನಕ್ಕೆ ಸಾಗುತ್ತದೆ, ಹೊರಗೆ ಕೊರೆವ ಚಳಿ, ಬೇಸಿಗೆಯಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕು. ಅಂಥ ಕಡೆ ಬಾಲ್ಕನಿಗೆ ಕೊಟ್ಟ ದುಡ್ಡು ನೋಟದಲ್ಲಿ ವಾಪಸು ಬರುತ್ತದೆ. ತೀರ ಕಾಣದ ತೆರೆದ ಕಡಲಲ್ಲಿ ಎರಡು ರಾತ್ರಿಯ ಯಾನಕ್ಕೆ ಅಷ್ಟು ಬರುವುದಿಲ್ಲ.

ಕಿಟಕಿಗಿಂತ ಜಾಗ ಮುಖ್ಯ

ಕ್ಯಾಬಿನ್ನಿನ ಸುಖವನ್ನು ಕಿಟಕಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದು ಹಡಗಿನ ಯಾವ ಭಾಗದಲ್ಲಿದೆ ಎಂಬುದು. ಅಲೆಗೆ ಹಡಗು ಎರಡು ರೀತಿ ತೂಗುತ್ತದೆ: ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ. ಎರಡಕ್ಕೂ ಹಡಗಿನ ನಡುಭಾಗವೇ ಅಚ್ಚು. ಅಲ್ಲಿಂದ ದೂರ ಹೋದಷ್ಟೂ ಉಯ್ಯಾಲೆ ಜೋರು.

211 ಮೀಟರ್ ಉದ್ದದ ಹಡಗು ಮುಂದೆ ಹಿಂದೆ ಒಂದೇ ಒಂದು ಡಿಗ್ರಿ ವಾಲಿತೆನ್ನಿ. ತುದಿಯಲ್ಲಿರುವ ಕೋಣೆ ಸುಮಾರು 1.8 ಮೀಟರ್, ಎಂದರೆ ಆಳೆತ್ತರ, ಮೇಲೇರಿರುತ್ತದೆ. ನಡುವಿನಿಂದ 20 ಮೀಟರ್ ದೂರದ ಕೋಣೆ ಏರುವುದು ಸುಮಾರು 35 ಸೆಂಟಿಮೀಟರ್. ಎಡಬಲಕ್ಕೆ ಮೂರು ಡಿಗ್ರಿ ವಾಲಿದರೆ, ಅಚ್ಚಿನಿಂದ 25 ಮೀಟರ್ ಎತ್ತರದ ಮೇಲ್ಡೆಕ್ಕಿನ ಕೋಣೆ ಪಕ್ಕಕ್ಕೆ 1.3 ಮೀಟರ್ ಜರುಗುತ್ತದೆ. 5 ಮೀಟರ್ ಎತ್ತರದ್ದು ಕಾಲು ಮೀಟರ್ ಮಾತ್ರ. ಈ ಎಡಬಲದ ತೂಗಾಟ ತಗ್ಗಿಸಲು ಹಡಗಿನ ಹೊಟ್ಟೆಯ ಎರಡೂ ಬದಿ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಸರುಗಳಿರುತ್ತವೆ. ಮುಂದೆ ಹಿಂದಿನ ಏರಿಳಿತವನ್ನು ಅವು ಅಷ್ಟಾಗಿ ತಡೆಯಲಾರವು. ಆದ್ದರಿಂದ ತುದಿಯ ದುಬಾರಿ ಬಾಲ್ಕನಿಗಿಂತ ನಡುಭಾಗದ ಕೆಳ ಡೆಕ್ಕಿನ ಅಗ್ಗದ ಒಳ ಕ್ಯಾಬಿನ್ ಹೆಚ್ಚು ನೆಮ್ಮದಿ ಕೊಡಬಲ್ಲದು.

ಹೊಟ್ಟೆ ತೊಳಸುವುದಕ್ಕೆ ಕಾರಣ ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಕಣ್ಣಿಗೂ ಹೊಂದಾಣಿಕೆ ತಪ್ಪುವುದು. ಕಿವಿ ‘ತೂಗುತ್ತಿದ್ದೇನೆ’ ಎನ್ನುತ್ತದೆ, ಅಲುಗದ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ದೂರದ ದಿಗಂತ ನೋಡಿದರೆ ಎರಡಕ್ಕೂ ತಾಳೆಯಾಗುತ್ತದೆ. ಈ ವಿಷಯದಲ್ಲಿ ಹೊರ ಕ್ಯಾಬಿನ್ ಮೇಲು. ಧರ್ಮಸ್ಥಳದ ಬಸ್ಸು ಚಾರ್ಮಾಡಿಯ ತಿರುವು ಇಳಿಯುವಾಗ ಮನೆಯಲ್ಲಿ ಯಾರಿಗೆ ಪ್ಲಾಸ್ಟಿಕ್ ಕವರು ಬೇಕಾಗುತ್ತದೋ, ಅವರಿಗೆ ಹಡಗಿನಲ್ಲೂ ತೊಂದರೆಯಾಗುವ ಸಂಭವ ಹೆಚ್ಚು. ಎರಡರ ಮೂಲವೂ ಒಂದೇ. ಅಂಥವರಿಗೆ ನಡುಭಾಗದ, ಕೆಳ ಡೆಕ್ಕಿನ, ಕಿಟಕಿ ಇರುವ ಕೋಣೆ ಒಳ್ಳೆಯದು. ಅದು ಸಿಗದಿದ್ದರೆ ನಡುಭಾಗದ ಒಳ ಕ್ಯಾಬಿನ್ನಿನಲ್ಲಿ ಕಣ್ಣು ಮುಚ್ಚಿ ಮಲಗುವುದು, ಎಚ್ಚರವಿದ್ದಾಗ ತೆರೆದ ಡೆಕ್ಕಿಗೆ ಹೋಗಿ ದಿಗಂತ ನೋಡುವುದು. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ಇಟ್ಟುಕೊಳ್ಳಬೇಕು. ತೊಳಸು ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದು ಕಷ್ಟ.

ಸದ್ದಿನ ಮಟ್ಟಿಗೂ ಜಾಗದ್ದೇ ಮಾತು. ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕೋಣೆಗೆ ಬೆಳಗಿನ ಜಾವದಲ್ಲೇ ಕುರ್ಚಿ ಎಳೆಯುವ ಸದ್ದು. ರಂಗಮಂದಿರ, ಡಿಸ್ಕೊ ಪಕ್ಕದ ಕೋಣೆಗೆ ನಡುರಾತ್ರಿವರೆಗೆ ಡೋಲಿನ ಬಡಿತ. ಹಡಗಿನ ಮೂತಿಯ ಕೆಳಭಾಗದಲ್ಲಿ, ಬಂದರಿನೊಳಗೆ ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರುಗಳಿರುತ್ತವೆ. ಬೆಳಿಗ್ಗೆ ಬಂದರು ತಲುಪುವಾಗ ಆ ಭಾಗ ನಡುಗುತ್ತದೆ. ಹಿಂಭಾಗಕ್ಕೆ ಎಂಜಿನ್ನಿನ ಕಂಪನ. ಮೇಲೊಂದು ವಾಸದ ಡೆಕ್ಕು, ಕೆಳಗೊಂದು ವಾಸದ ಡೆಕ್ಕು ಇರುವ, ಲಿಫ್ಟಿನಿಂದ ನಾಲ್ಕಾರು ಬಾಗಿಲು ಆಚೆಗಿನ ಕೋಣೆ ಎಲ್ಲಕ್ಕಿಂತ ಶಾಂತ. ಕಂಪನಿಗಳು ಪ್ರಕಟಿಸುವ ಡೆಕ್ ನಕ್ಷೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳಬಹುದು. ಕ್ಯಾಬಿನ್ ಸಂಖ್ಯೆಯ ಮೊದಲ ಅಂಕಿ ಸಾಮಾನ್ಯವಾಗಿ ಡೆಕ್ಕನ್ನು ಸೂಚಿಸುತ್ತದೆ.

ಹೊರ ಕ್ಯಾಬಿನ್ನೇ ಬೇಕೆಂದರೆ ಯಾವ ಬದಿ ಎಂಬ ಪ್ರಶ್ನೆ ಉಳಿಯುತ್ತದೆ. ಮುಂಬೈಯಿಂದ ಗೋವಾಕ್ಕೆ ಹಡಗು ದಕ್ಷಿಣಕ್ಕೆ ಸಾಗುತ್ತದೆ, ಬಲಬದಿ ಪಶ್ಚಿಮ. ಹೋಗುವ ಸಂಜೆಯ ಸೂರ್ಯಾಸ್ತ ಬಲಗಡೆಯ ಕಿಟಕಿಗೆ, ಮರಳುವಾಗ ಎಡಗಡೆಯದಕ್ಕೆ. ಚೆನ್ನೈಯಿಂದ ಶ್ರೀಲಂಕಾದತ್ತ ಹೋಗುವಾಗ ಎಡಬದಿ ಪೂರ್ವ, ಸೂರ್ಯೋದಯ ಅಲ್ಲಿ. ಹೋಗಿ ಬರುವ ಯಾನದಲ್ಲಿ ಎರಡೂ ಬದಿಗೆ ಪಾಲು ಸಿಗುವುದರಿಂದ ಇದಕ್ಕಾಗಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಸುರಕ್ಷತೆ

ಒಳ ಕ್ಯಾಬಿನ್ ಅಪಾಯಕಾರಿ ಎಂಬ ಅಂಜಿಕೆ ಹಲವರಿಗಿದೆ. ಆದರೆ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರೂಪುಗೊಂಡು, ಮುಂದೆ ಹಲವು ಬಾರಿ ತಿದ್ದುಪಡಿಯಾದ ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ಒಪ್ಪಂದದ ನಿಯಮಗಳು ಎಲ್ಲ ಕ್ಯಾಬಿನ್ನುಗಳಿಗೂ ಒಂದೇ. ತುರ್ತು ಸಮಯದಲ್ಲಿ ಯಾರೂ ಕಿಟಕಿಯಿಂದ ಹೊರಹೋಗುವುದಿಲ್ಲ. ಎಲ್ಲರಿಗೂ ದಾರಿ ಓಣಿ ಮತ್ತು ಮೆಟ್ಟಿಲು. ಇಟಲಿಯಲ್ಲಿ 2012ರ ‘ಕೋಸ್ಟಾ ಕಾಂಕೋರ್ಡಿಯಾ’ ದುರಂತದ ನಂತರ, ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಪ್ರಯಾಣಿಕರಿಗೆಲ್ಲ ಸುರಕ್ಷತಾ ತಾಲೀಮು ಕಡ್ಡಾಯವಾಯಿತು. ಒಳ ಕ್ಯಾಬಿನ್ನಿನವರು ಒಂದು ಕೆಲಸ ಹೆಚ್ಚಾಗಿ ಮಾಡಬೇಕು: ತಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ಯಾವ ಕಡೆ, ಎಷ್ಟು ಬಾಗಿಲು ಎಂದು ಮೊದಲ ದಿನವೇ ಎಣಿಸಿಟ್ಟುಕೊಳ್ಳುವುದು. ಒಳಗಿದ್ದವರಿಗೆ ಹಡಗಿನ ಮುಂದು ಯಾವುದು, ಹಿಂದು ಯಾವುದು ಎಂಬುದೇ ಮರೆತುಹೋಗುತ್ತದೆ.

ವಿದ್ಯುತ್ ಹೋದರೆ ಮಾತ್ರ ಒಳ ಕ್ಯಾಬಿನ್ನಿನ ಪಾಡು ಕಷ್ಟ. 2013ರ ಫೆಬ್ರುವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ವಿದ್ಯುತ್ ನಿಂತಾಗ, ಎ.ಸಿ. ಇಲ್ಲದೆ ಬೆಂದ ಪ್ರಯಾಣಿಕರು ಹಾಸಿಗೆ ಎಳೆದು ತಂದು ಡೆಕ್ಕಿನ ಮೇಲೆ ಮಲಗಿದರು. ಇಂಥದ್ದು ಅಪರೂಪ. ಬಾಲ್ಕನಿಗೂ ಅದರದೇ ಎಚ್ಚರಿಕೆ ಬೇಕು: ಚಿಕ್ಕ ಮಕ್ಕಳಿದ್ದರೆ ಕುರ್ಚಿಯನ್ನು ಕಟಾಂಜನದ ಬಳಿ ಬಿಡಬಾರದು, ಬಾಗಿಲ ಚಿಲಕ ಯಾವಾಗಲೂ ಹಾಕಿರಬೇಕು.

ಯಾರಿಗೆ ಯಾವುದು

ಎರಡು ಮೂರು ರಾತ್ರಿಯ ಮೊದಲ ಯಾನ, ಜೊತೆಗೆ ಗೆಳೆಯರ ಗುಂಪು, ಹಗಲೆಲ್ಲ ಹೊರಗೇ ಇರುವ ಇರಾದೆ: ಇಂಥವರಿಗೆ ನಡುಭಾಗದ ಒಳ ಕ್ಯಾಬಿನ್ ಸಾಕು. ಉಳಿದ ದುಡ್ಡನ್ನು ಬಂದರಿನಲ್ಲಿ ಇಳಿದು ಊರು ನೋಡಲು ಬಳಸಬಹುದು. ಮಧ್ಯಾಹ್ನ ಮಲಗುವ ಮಗು ಇದ್ದವರಿಗೂ ಒಳ ಕ್ಯಾಬಿನ್ನಿನ ಕತ್ತಲು ಅನುಕೂಲ. ಮೆಟ್ಟಿಲು ಹತ್ತಿಳಿಯಲಾಗದ ಅಜ್ಜಿ ತಾತ, ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯುವವರು, ಮುಚ್ಚಿದ ಕೋಣೆಗೆ ಹೆದರುವವರು, ಹೊಟ್ಟೆ ತೊಳಸುವವರು ಓಷನ್ ವ್ಯೂಗೆ ದುಡ್ಡು ಹಾಕುವುದು ಸರಿ. ಹೊಸದಾಗಿ ಮದುವೆಯಾದವರಿಗೆ, ಏಕಾಂತ ಬೇಕೆನ್ನುವವರಿಗೆ, ಉದ್ದನೆಯ ಯಾನದವರಿಗೆ ಬಾಲ್ಕನಿ.

ಮನೆಮಂದಿಯೆಲ್ಲ ಹೋಗುವಾಗ ಎಲ್ಲರಿಗೂ ಒಂದೇ ದರ್ಜೆ ಹಿಡಿಯಬೇಕೆಂದೇನಿಲ್ಲ. ಓಣಿಯ ಒಂದು ಬದಿಗೆ ಹಿರಿಯರಿಗೆ ಕಿಟಕಿ ಇರುವ ಕೋಣೆ, ಎದುರು ಬಾಗಿಲಿನ ಒಳ ಕ್ಯಾಬಿನ್ನಿನಲ್ಲಿ ಮಗ ಸೊಸೆ ಮಕ್ಕಳು ಎಂದು ಹಂಚಿಕೊಂಡರೆ ಕಿಟಕಿ ಎಲ್ಲರ ಪಾಲಿಗೂ ಬರುತ್ತದೆ, ಕಿಟಕಿಗಾಗಿ ಕೊಡುವ ಹೆಚ್ಚಿನ ಖರ್ಚು ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಎದುರುಬದುರು ಸಂಖ್ಯೆಗಳನ್ನೇ ಕೊಡಿ ಎಂದು ಬುಕಿಂಗ್ ಸಮಯದಲ್ಲಿ ಕೇಳಬೇಕು.

ಹಣ ಕಟ್ಟುವ ಮುನ್ನ ಏಜೆಂಟರಲ್ಲಿ ಕೇಳಿ ತಿಳಿಯಬೇಕಾದವು ಇಷ್ಟು: ಕ್ಯಾಬಿನ್ ಸಂಖ್ಯೆ ಈಗಲೇ ಗೊತ್ತಾಗುತ್ತದೆಯೋ ಅಥವಾ ದರ್ಜೆ ಮಾತ್ರ ಖಾತರಿಯೋ, ಕಿಟಕಿ ಎದುರು ದೋಣಿ ಇದೆಯೋ, ಮೇಲೆ ಕೆಳಗೆ ಏನಿದೆ, ಮೇಲ್ಬರ್ತ್ ಯಾರಿಗೆ ಬರುತ್ತದೆ, ತೆರಿಗೆ ಸೇರಿ ಮೊತ್ತವೆಷ್ಟು, ರದ್ದು ಮಾಡಿದರೆ ಎಷ್ಟು ವಾಪಸು. ದರ್ಜೆ ಮಾತ್ರ ಖಾತರಿ ಇರುವ ಟಿಕೆಟ್ ಅಗ್ಗ, ಆದರೆ ಕೋಣೆ ಮೂತಿಯಲ್ಲಿ ಬಿದ್ದರೂ ಒಪ್ಪಿಕೊಳ್ಳಬೇಕು. ತೊಳಸುವ ಹೊಟ್ಟೆಯವರು ಆ ಅಗ್ಗಕ್ಕೆ ಹೋಗದೆ, ಒಳ ಕ್ಯಾಬಿನ್ನೇ ಆಗಲಿ ಹೊರ ಕ್ಯಾಬಿನ್ನೇ ಆಗಲಿ, ನಡುಭಾಗದ ಸಂಖ್ಯೆಯನ್ನು ಕೇಳಿ ಪಡೆಯುವುದು ಒಳಿತು.